ಮರುಭೂಮಿಯ ಒಡಲಿನ ನೀರು

ವಿದ್ಯಾರ್ಥಿಗಳು ಆಫ್ರಿಕ ಖಂಡದ ಭೂಪಟವನ್ನು ಮುಂದಿರಿಸಿಕೊಳ್ಳಲಿ. ನೈಲ್ ನದಿಯ ಪಶ್ಚಿಮಕ್ಕೆ ಈಜಿಪ್ಟ್, ಲಿಬಿಯ, ಸುಡಾನ್, ಚಾಡ್ ಈ ನಾಲ್ಕು ದೇಶಗಳು ಕೂಡುವ ಎಡೆಯೆಲ್ಲವೂ ಮರಳುಗಾಡೇ ಆಗಿರುವುದು. ಆದರೆ ಆ ಬಂಜರು ನೆಲದಡಿಯಲ್ಲಿ, ಸುಮಾರು 20 ಲಕ್ಷ ಚದರ ಕಿಲೋಮೀಟರುಗಳಷ್ಟು ವಿಸ್ತಾರವಾದ ಮರಳುಗಲ್ಲಿನ ಪದರಗಳಲ್ಲಿ, ಅಪಾರ ಜಲರಾಶಿಯು ಅಡಗಿದೆ.

ನೆಲದೊಳಗೊಂದು ಸರೋವರವಿದೆಯೆಂದು ಬಾಲಕರು ಕಲ್ಪಿಸಿಕೊಳ್ಳುವುದುಂಟು, ಅದು ಸರಿಯಲ್ಲ. ಇಟ್ಟಿಗೆಯು ನೀರನ್ನು ಹೀರಿಕೊಳ್ಳುವಂತೆ, ಕಲ್ಲಿನ ಕಣಗಳ ನಡುವಣ ಸೂಕ್ಷ್ಮ ಎಡೆಗಳಲ್ಲಿ ನೀರು ನೆಲಸಿರುತ್ತದೆ. ಸಹಾರವು ಹಸುರಾಗಿದ್ದ ಪ್ರಾಚೀನ ಯುಗಗಳ ಮಳೆಯೇ ಅದು. ಈಜಿಪ್ಟಿನ ಓಯಸಿಸುಗಳ ಕೆಲವು ಬಾವಿಗಳ ನೀರಿನ ವಯಸ್ಸು 2 ಲಕ್ಷದಿಂದ 10 ಲಕ್ಷ ವರ್ಷಗಳೆಂದು ವಿಜ್ಞಾನಿಗಳು 2004ರಲ್ಲಿ ತಿಳಿಸಿರುವರು. ನಮ್ಮ ಮನೆಯಂಗಳದ ಬಾವಿಯು ಮಳೆಗಾಲದಲ್ಲಿ ಮರಳಿ ತುಂಬುವುದು. ಅಲ್ಲಿ ತೆಗೆದುದು ತೆಗೆದುದೇ. ಬಡ್ಡಿಯನ್ನಲ್ಲ, ಅಸಲನ್ನೇ ಉಣ್ಣುವ ವ್ಯವಹಾರವಿದು.

1950ರ ದಶಕದಲ್ಲಿ ಲಿಬಿಯದಲ್ಲಿ ಎಣ್ಣೆಯನ್ನರಸಿ ನೆಲವನ್ನು ಕೊರೆದವರಿಗೆ ಈ ನೀರೂ ದೊರೆಯಿತು. ಇತ್ತ ಕರಾವಳಿಯ ಟ್ರಿಪೋಲಿಯಲ್ಲಿ ಮಿತಿಮೀರಿ ನೀರೆತ್ತಿದುದರಿಂದ ಬಾವಿಗಳಿಗೆ ಸಮುದ್ರದ ಉಪ್ಪು ನುಗ್ಗತೊಡಗಿತ್ತು. ಗಡಾಫಿಯ ಸರ್ಕಾರವು 1984ರಲ್ಲಿ 'ಮಹಾ ಮಾನವನಿರ್ಮಿತ ನದಿ' ಎಂಬ ಕಾಮಗಾರಿಯನ್ನು ಆರಂಭಿಸಿತು. ಆಳು ನೆಟ್ಟಗೆ ನಡೆದುಹೋಗಬಹುದಾದ, 4 ಮೀಟರು ವ್ಯಾಸದ ಕಾಂಕ್ರೀಟು ಕೊಳವೆಗಳು ಮರಳಿನಡಿಯಲ್ಲಿ ಉತ್ತರಕ್ಕೆ ಸಾಗಿದವು. 1991ರಲ್ಲಿ ಬೆಂಗಾಜಿಗೂ, 1996ರಲ್ಲಿ ಟ್ರಿಪೋಲಿಗೂ ನೀರು ತಲಪಿತು. (ಟ್ರಿಪೋಲಿಯ ನೀರು ನೈರುತ್ಯದ ಬೇರೊಂದು ಜಲಸ್ತರದ್ದು, ಅದೂ ಪುರಾತನವೇ.) ಮಾನವನ ಸಾಹಸಕ್ಕೆ ತಲೆದೂಗಲೇಬೇಕು. ಆದರೂ ಎಷ್ಟು ಕಾಲಕ್ಕೆ ಎಂಬ ಪ್ರಶ್ನೆಯು ಉಳಿಯುತ್ತದೆ.

ಇದು ಯಾರ ನೀರು? ನೈಲ್ ನದಿಯ ವಿಷಯದಲ್ಲಿ 1959ರ ಒಪ್ಪಂದವು ಈಜಿಪ್ಟಿಗೆ 5,550 ಕೋಟಿ, ಸುಡಾನಿಗೆ 1,850 ಕೋಟಿ ಘನ ಮೀಟರುಗಳೆಂದು ಪಾಲು ಹಾಕಿತು. ಇಥಿಯೋಪಿಯವನ್ನು ಕೇಳಲೇ ಇಲ್ಲ. ಕಣ್ಣಿಗೆ ಕಾಣದ ನೀರಿಗೆ ಅಂತಹ ಪಾಲೂ ಇಲ್ಲ. ಈಜಿಪ್ಟ್, ಲಿಬಿಯಗಳು 1992ರಲ್ಲಿ ಜಂಟಿ ಪ್ರಾಧಿಕಾರವೊಂದನ್ನು ಸ್ಥಾಪಿಸಿದವು. ಸುಡಾನ್, ಚಾಡ್‌ಗಳು ಅನಂತರ ಸೇರಿದವು. 2013ರಲ್ಲಿ ನಾಲ್ಕೂ ದೇಶಗಳು ಸಮಾನ ಕಾರ್ಯಯೋಜನೆಗೆ ಸಹಿ ಮಾಡಿದವು. ಜಗಳಕ್ಕಿಂತ ಇದು ಲೇಸೇ ಸರಿ.

ನೆರೆಯವನು ನಮ್ಮ ನೀರನ್ನು ಕದಿಯುವನೆಂಬ ಶಂಕೆಯೇ ಪತ್ರಿಕೆಗಳಲ್ಲಿ ಹೆಚ್ಚಾಗಿ ಕೇಳಿಬರುವುದು. ವಾಸ್ತವದಲ್ಲಿ ಈ ನೀರಿನ ಚಲನೆ ಅತಿ ಮಂದವಾದುದು. ಆದುದರಿಂದ ನೀರೆತ್ತುವುದರ ಪೆಟ್ಟು ಮೊದಲು ತಗಲುವುದು ಹತ್ತಿರದವರಿಗೇ. ಈಜಿಪ್ಟಿನ ಖಾರ್ಗ, ದಾಖ್ಲ ಓಯಸಿಸುಗಳಲ್ಲಿ ಸಾವಿರಾರು ವರ್ಷಗಳಿಂದ ತಾನಾಗಿ ಚಿಮ್ಮುತ್ತಿದ್ದ ಒರತೆಗಳು, ಕಳೆದ ಶತಮಾನದಲ್ಲಿ ಆಳವಾದ ಕೊಳವೆಬಾವಿಗಳನ್ನು ತೋಡಿದ ಬಳಿಕ ಬತ್ತಿದವು. ಕದ್ದವನು ಲಿಬಿಯದವನಲ್ಲ.

ಕೊಳವೆಯ ತುದಿಯಲ್ಲಿರುವವರ ಕಷ್ಟ ಬೇರೆ ಬಗೆಯದು. 2011ರ ಯುದ್ಧದಲ್ಲಿ ಟ್ರಿಪೋಲಿಯ ನೀರು ಹಲವು ದಿನ ನಿಂತಿತ್ತು. 2019ರ ಮೇ ತಿಂಗಳಲ್ಲಿ ಶಸ್ತ್ರಧಾರಿಗಳ ಗುಂಪೊಂದು ನಿಯಂತ್ರಣ ಕೇಂದ್ರಕ್ಕೆ ನುಗ್ಗಿ, ಲಕ್ಷಾಂತರ ಜನರ ನೀರನ್ನು ನಿಲ್ಲಿಸಿತು. ಸಾವಿರಾರು ವರ್ಷಗಳ ಕಾಲ ಕಲ್ಲಿನಲ್ಲಿ ಭದ್ರವಾಗಿದ್ದ ನೀರು ಆ ದಿನ ಒಂದು ಕವಾಟವನ್ನು ಹಿಡಿದವನ ಕೈಯಲ್ಲಿತ್ತು.