ರೋಧಶೀಲತಾ ಸಮೀಕ್ಷೆ: ಅಗೆಯುವ ಮೊದಲೇ ನೆಲದೊಳಗಿನ ಸುಳಿವು

ಮಣ್ಣಿನ ವಿದ್ಯುತ್ ರೋಧಶೀಲತೆಯನ್ನು ಅಳೆದು ಹೂತುಹೋದ ಪ್ರಾಚೀನ ರಚನೆಗಳನ್ನು ಪತ್ತೆಹಚ್ಚುವ ವಿಧಾನವಿದು. ಬ್ರಿಟಿಷ್ ಪುರಾತತ್ವಜ್ಞ ರಿಚರ್ಡ್ ಅಟ್ಕಿನ್ಸನ್ 1946ರಲ್ಲಿ ಆಕ್ಸ್‌ಫರ್ಡ್‌ಶೈರ್‌ನ ಡಾರ್ಚೆಸ್ಟರ್-ಆನ್-ಥೇಮ್ಸ್‌ನಲ್ಲಿ ನಡೆಸಿದ ಸಮೀಕ್ಷೆ ಇದರ ಆರಂಭಿಕ ಮೈಲಿಗಲ್ಲು. ಅಲ್ಲಿನ ಜಲ್ಲಿನೆಲದಲ್ಲಿ ನೀರು ಬೇಗ ಬಸಿದುಹೋಗುತ್ತದೆ. ನವಶಿಲಾಯುಗದ ಕಂದಕಗಳಲ್ಲಿ ತುಂಬಿದ ಹೂಳು ಮಾತ್ರ ತೇವ ಹಿಡಿದಿಟ್ಟುಕೊಳ್ಳುತ್ತದೆ. ತೇವದಲ್ಲಿ ಕರಗಿದ ಲವಣಗಳ ಅಯಾನುಗಳೇ ವಿದ್ಯುತ್ ಒಯ್ಯುವುದರಿಂದ ಕಂದಕದ ಮೇಲೆ ರೋಧ ಕಡಿಮೆ. ಕಲ್ಲಿನ ಗೋಡೆ, ಅಡಿಪಾಯಗಳಿದ್ದರೆ ಸಾಮಾನ್ಯವಾಗಿ ಹೆಚ್ಚು.

ವೆನ್ನರ್ ವಿನ್ಯಾಸದಲ್ಲಿ ನಾಲ್ಕು ಎಲೆಕ್ಟ್ರೋಡ್‌ಗಳನ್ನು ಸಮಾನ ಅಂತರದಲ್ಲಿ ಒಂದೇ ಸಾಲಿನಲ್ಲಿ ನೆಡುತ್ತಾರೆ. ಹೊರಗಿನ ಎರಡು ವಿದ್ಯುತ್ ಹರಿಸಿದರೆ, ಒಳಗಿನ ಎರಡು ವಿಭವಾಂತರ ಅಳೆಯುತ್ತವೆ. ಸೂತ್ರ: ರೋಧಶೀಲತೆ = 2π × ಅಂತರ × ರೋಧ. ಅಂತರ 1 ಮೀಟರ್, ರೋಧ 10 ಓಮ್ ಆದರೆ ಉತ್ತರ ಸುಮಾರು 62.8 ಓಮ್-ಮೀಟರ್. ಅಂತರ ಹೆಚ್ಚಿದಷ್ಟೂ ಇನ್ನೂ ಆಳದ ಮಾಹಿತಿ ಸಿಗುತ್ತದೆ, ಆದರೆ ಸಣ್ಣ ವಿವರಗಳು ಮಸುಕಾಗುತ್ತವೆ.

ಮಳೆ ಬಂದರೆ ಅಳತೆಗಳು ಬದಲಾಗುತ್ತವೆ. ರಚನೆಯ ಕಾಲವನ್ನು ಈ ವಿಧಾನ ಹೇಳುವುದಿಲ್ಲ. ಅದಕ್ಕೆ ಉತ್ಖನನವೇ ಬೇಕು. ಆದರೆ ಎಲ್ಲಿ ಅಗೆಯಬೇಕು, ಎಲ್ಲಿ ಅಗೆಯಬಾರದು ಎಂದು ಮೊದಲೇ ತಿಳಿಯುವುದು ದೊಡ್ಡ ಲಾಭ, ಏಕೆಂದರೆ ಒಮ್ಮೆ ಅಗೆದ ನೆಲೆಯನ್ನು ಮತ್ತೆ ಮೊದಲಿನಂತೆ ಮಾಡಲಾಗದು.