ಮೊಂಟೆವಿಡಿಯೊದಲ್ಲಿ ಯಾವ ದುಡ್ಡು ಕೊಡುವುದು?

ಹಡಗಿನಲ್ಲಿ ಕೆಲಸ ಮಾಡಿ ಬಂದವನೆಂದು ಗೊತ್ತಾದ ಕೂಡಲೇ ನಮ್ಮ ಕಡೆಯವರು ಕೇಳುವ ಮೊದಲ ಪ್ರಶ್ನೆ ಸಂಬಳದ್ದು. ಎರಡನೆಯದು, "ಎಂತ ತಂದೆ?" ನಡುವೆ ಬಂದರುಗಳಲ್ಲಿ ಇಳಿದಾಗ ಎಷ್ಟು ಖರ್ಚಾಯಿತು, ಯಾವ ದರದಲ್ಲಿ ಖರ್ಚಾಯಿತು ಎಂದು ಕೇಳುವವರು ಇಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಹುಡುಗರು ಈಗ ಕ್ರೂಸ್ ಹಡಗುಗಳ ಅಡುಗೆಮನೆ, ಕ್ಯಾಬಿನ್, ಬಾರ್, ಕೌಂಟರ್ ಎಂದು ಎಲ್ಲೆಂದರಲ್ಲಿ ಸಿಗುತ್ತಾರೆ. ಈಚೆಗೆ ಅವರ ಅಪ್ಪ ಅಮ್ಮಂದಿರೂ, ಪಿಂಚಣಿ ಹಣ ಕೈಗೆ ಬಂದ ಬ್ಯಾಂಕಿನವರೂ ಪ್ರಯಾಣಿಕರಾಗಿ ಅದೇ ಹಡಗು ಹತ್ತತೊಡಗಿದ್ದಾರೆ. ಹಾಗಾಗಿ ಈ ಸಲದ ಅಂಕಣ ಇಬ್ಬರಿಗೂ.

ನಾನಿದ್ದದ್ದು ಪ್ರಯಾಣಿಕರ ಸೇವಾ ಕೌಂಟರಿನಲ್ಲಿ. ನೋಟು ಬದಲಿಸಿಕೊಡುವುದು, ಬಿಲ್ಲಿನ ತಕರಾರು ಕೇಳುವುದು, ಊರು ಸುತ್ತಿ ಬಂದವರ ಗೋಳಿಗೆ ತಲೆಯಾಡಿಸುವುದು ನನ್ನ ಕೆಲಸ. ದಕ್ಷಿಣ ಅಮೆರಿಕದ ಕ್ರೂಸ್ ಋತು ಎಂದರೆ ಅಲ್ಲಿನ ಬೇಸಿಗೆ, ನವೆಂಬರಿನಿಂದ ಮಾರ್ಚಿನವರೆಗೆ. ಬ್ಯೂನಸ್ ಐರಿಸ್‌ನಿಂದ ಹೊರಟ ಹಡಗು ಲಾ ಪ್ಲಾಟಾ ನದೀಮುಖ ದಾಟಿ ಉರುಗ್ವೆಯ ರಾಜಧಾನಿ ಮೊಂಟೆವಿಡಿಯೊದಲ್ಲಿ ನಿಲ್ಲುತ್ತದೆ. ಕೆಲವು ಹಡಗುಗಳು ಅಲ್ಲಿಂದ ದಕ್ಷಿಣದ ತುದಿ ಸುತ್ತಿ ಚಿಲಿಯ ವಾಲ್ಪರೈಸೊವರೆಗೂ ಹೋಗುತ್ತವೆ. ಲಾ ಪ್ಲಾಟಾದ ನೀರು ಆಷಾಢದಲ್ಲಿ ಗಂಗೊಳ್ಳಿ ಅಳಿವೆಗೆ ಬಂದು ಬೀಳುವ ಪಂಚಗಂಗಾವಳಿಯಂತೆ ಕೆಂಪು ಕದಡಿನದು. ವ್ಯತ್ಯಾಸವೆಂದರೆ ಅಲ್ಲಿ ಆಚೆ ದಡ ಕಾಣುವುದಿಲ್ಲ.

ಮೊಂಟೆವಿಡಿಯೊದಲ್ಲಿ ಹಡಗು ಹಳೆಯ ಪೇಟೆಯ ಬುಡಕ್ಕೇ ಬಂದು ನಿಲ್ಲುತ್ತದೆ. ಬಂದರಿನ ಗೇಟು ದಾಟಿದರೆ ಎದುರಿಗೇ 1868ರ ಕಬ್ಬಿಣದ ಕಟ್ಟಡ, ಮೆರ್ಕಾಡೊ ದೆಲ್ ಪುಎರ್ತೊ, ಎಂದರೆ ಬಂದರು ಮಾರುಕಟ್ಟೆ. ಒಳಗೆ ಸೌದೆ ಬೆಂಕಿಯ ಮೇಲೆ ಮಾಂಸ ಸುಡುವ ಹೋಟೆಲುಗಳ ಸಾಲು. ಅಲ್ಲಿಂದ ಸರಾಂದಿ ಬೀದಿ ಹಿಡಿದು ನಿಧಾನಕ್ಕೆ ನಡೆದರೂ ಸ್ವಾತಂತ್ರ್ಯ ಚೌಕ, 1928ರಲ್ಲಿ ತೆರೆದ ಪಲಾಸಿಯೊ ಸಾಲ್ವೊ ಗೋಪುರ, 1856ರ ಸೊಲಿಸ್ ರಂಗಮಂದಿರ, ಮೂರೂ ಆಗುತ್ತವೆ. ಖರ್ಚು, ಚಪ್ಪಲಿ ಸವೆದಷ್ಟು. ಇದನ್ನೇ ಬಸ್ಸಿನ ಕಿಟಕಿಯಿಂದ ತೋರಿಸಲು ಹಡಗಿನವರ ಅರ್ಧ ದಿನದ ಪ್ರವಾಸಕ್ಕೆ ತಲೆಗೆ ಎಪ್ಪತ್ತು ಎಂಬತ್ತು ಡಾಲರ್ ಬೀಳುವುದುಂಟು. ಹಡಗಿನ ಸಂಬಳ ಉಂಡವನು ಹೇಳುವ ಮಾತಲ್ಲ, ಆದರೂ ಹೇಳುತ್ತೇನೆ: ಈ ಊರಿನಲ್ಲಿ ಆ ಟಿಕೆಟ್ ಬೇಡ.

ಕೊಲೋನಿಯಾ ದೆಲ್ ಸಾಕ್ರಮೆಂಟೊಗೆ ಹೋಗುವುದಾದರೆ ಮಾತು ಬೇರೆ. ಪೋರ್ಚುಗೀಸರು 1680ರಲ್ಲಿ ಕಟ್ಟಿದ, ಈಗ ಯುನೆಸ್ಕೊ ಪಟ್ಟಿಯಲ್ಲಿರುವ ಆ ಊರು ಸುಮಾರು 180 ಕಿಲೋಮೀಟರ್ ದೂರ. ನಮ್ಮ ಬಸ್ರೂರಿನ ಅಕ್ಕಿಗಾಗಿ ಕೋಟೆ ಕಟ್ಟಿ ಕುಳಿತಿದ್ದವರ ಮಕ್ಕಳು ಮೊಮ್ಮಕ್ಕಳು ಅಲ್ಲೇನು ಮಾಡಿದರೆಂದು ನೋಡುವ ಆಸೆ ನನಗೂ ಇತ್ತು. ಅಷ್ಟು ದೂರಕ್ಕೆ ಸ್ವಂತ ಟ್ಯಾಕ್ಸಿ ಹಿಡಿದು, ದಾರಿಯಲ್ಲಿ ಟೈರು ಪಂಕ್ಚರಾದರೆ ಹಡಗು ಕಾಯುವುದಿಲ್ಲ. ಮುಂದಿನ ಬಂದರಿಗೆ ನಿಮ್ಮದೇ ಖರ್ಚಿನಲ್ಲಿ ವಿಮಾನ ಹತ್ತಬೇಕು. ಹಡಗಿನದೇ ಬಸ್ಸು ತಡವಾದರೆ ಹಡಗು ಕಾಯುತ್ತದೆ. ಹೆಚ್ಚು ಕೊಟ್ಟ ಡಾಲರಿನಲ್ಲಿ ಒಂದು ಭಾಗ ಈ ವಿಮೆಯ ಕಂತು. ನಡೆದು ನೋಡುವ ಊರಿಗೆ ಆ ಕಂತು ಕಟ್ಟುವುದು ದಂಡ.

ಇನ್ನು ದುಡ್ಡಿನ ವಿಚಾರ. ಕೋಟೇಶ್ವರದ ಕಡೆಯ ಹುಡುಗನೊಬ್ಬ ಅಡುಗೆಮನೆಯಲ್ಲಿದ್ದ, ಮೊದಲ ಕಾಂಟ್ರಾಕ್ಟಿನವನು. ಮಾರುಕಟ್ಟೆಯ ಹೋಟೆಲಿನ ಬೋರ್ಡು ಓದಿ ಬಾಗಿಲಲ್ಲೇ ನಿಂತ. "ಅಣ್ಣಾ, ಒಂದ್ ಊಟಕ್ಕೆ ಆರ್ನೂರ್ ಡಾಲರಾ? ನಮ್ಮ್ ತಿಂಗ್ಳ್ ಸಂಬ್ಳ ಅಲ್ದಾ ಅದ್!" ಅವನ ತಪ್ಪಲ್ಲ. ಉರುಗ್ವೆ, ಅರ್ಜೆಂಟೀನಾ, ಚಿಲಿ ಮೂರರಲ್ಲೂ ಪೆಸೊಗೆ ಬಳಸುವುದು ನಾವು ಡಾಲರಿನದೆಂದು ತಿಳಿದ ಅದೇ ಗೀಟು ಎಳೆದ ಎಸ್ ಚಿಹ್ನೆ. ಉರುಗ್ವೆಯಲ್ಲಿ ಅಮೆರಿಕದ ಡಾಲರನ್ನು ಸೂಚಿಸಬೇಕಾದರೆ ಅದಕ್ಕೆ ಯು ಅಕ್ಷರ ಸೇರಿಸಿ ಬರೆಯುತ್ತಾರೆ. ಮನೆ, ಕಾರುಗಳ ಬೆಲೆಯನ್ನು ಆ ದೇಶದಲ್ಲಿ ಡಾಲರಿನಲ್ಲೇ ಹೇಳುವ ರೂಢಿ ಇರುವುದರಿಂದ ಎರಡು ಚಿಹ್ನೆಯೂ ಒಂದೇ ಬೀದಿಯಲ್ಲಿ ಕಾಣುತ್ತದೆ. ಆಗ ಒಂದು ಡಾಲರಿಗೆ ಸುಮಾರು ನಲವತ್ತು ಪೆಸೊ. ಹುಡುಗನ ಆರುನೂರು ಹದಿನೈದು ಡಾಲರಿಗೆ ಇಳಿಯಿತು, ಅವನೂ ಒಳಗೆ ಬಂದ. ಮಾಂಸ ತಿನ್ನದವರಿಗೆ ಫೈನಾ ಸಿಗುತ್ತದೆ, ಇಟಲಿಯಿಂದ ವಲಸೆ ಬಂದವರ ತಿಂಡಿ. ಕಡಲೆಹಿಟ್ಟು, ಎಣ್ಣೆ, ನೀರು ಕಲಸಿ ಒಲೆಯಲ್ಲಿ ಬೇಯಿಸಿದ್ದು. ಮೆಣಸಿನಪುಡಿ ಉದುರಿಸಿಕೊಂಡರೆ ನಮ್ಮ ನಾಲಿಗೆಗೆ ನಡೆಯುತ್ತದೆ.

ಊಟದ ಬಿಲ್ಲು 1,200 ಪೆಸೊ ಆಯಿತೆಂದು ಇಟ್ಟುಕೊಳ್ಳಿ. ಪೇಟೆಯ ದರದಲ್ಲಿ ಅದು 30 ಡಾಲರ್. ಜೇಬಿನಿಂದ ಡಾಲರ್ ನೋಟನ್ನೇ ತೆಗೆದುಕೊಟ್ಟರೆ ಹೋಟೆಲಿನವನು ಬೇಡ ಎನ್ನುವುದಿಲ್ಲ, ಆದರೆ ಡಾಲರನ್ನು 36 ಪೆಸೊಗೆ ಹಿಡಿದರೆ ನೀವು 33 ಡಾಲರಿನ ಮೇಲೆ ಕೊಟ್ಟಂತಾಯಿತು. ಅದೇ ಬೀದಿಯ ಕಾಂಬಿಯೊ ಅಂಗಡಿಯಲ್ಲಿ ಮೊದಲೇ ಬದಲಿಸಿಕೊಂಡಿದ್ದರೆ 30ರ ಆಸುಪಾಸು. ಹಡಗಿನ ಕೌಂಟರಿನಲ್ಲಿ, ಅಂದರೆ ನನ್ನ ಹತ್ತಿರ, ಬದಲಿಸಿಕೊಂಡಿದ್ದರೆ ಡಾಲರಿಗೆ ಸಿಗುವ ಪೆಸೊ ಇನ್ನೂ ಕಡಿಮೆ. ಸಾಲಿನಲ್ಲಿ ನಿಂತವರಿಗೆ ನಾನು ಇದನ್ನು ಹೇಳುವಂತಿರಲಿಲ್ಲ. ಈಗ ಹೇಳಬಹುದು.

ಆದರೆ ಉರುಗ್ವೆಯಲ್ಲಿ ಇವೆಲ್ಲಕ್ಕಿಂತ ಅಗ್ಗದ ದಾರಿ ಕಾರ್ಡು. ಅಲ್ಲಿನ ವ್ಯಾಟ್ ಶೇ. 22. ಪ್ರವಾಸಿ ಹೊರದೇಶದ ಕಾರ್ಡಿನಲ್ಲಿ ಊಟದ ಬಿಲ್ಲು ಕೊಟ್ಟರೆ ಆ ತೆರಿಗೆಯನ್ನು ಬಿಟ್ಟುಕೊಡುವ ಏರ್ಪಾಡನ್ನು ಅಲ್ಲಿನ ಸರ್ಕಾರ ಋತುವಿನಿಂದ ಋತುವಿಗೆ ಮುಂದುವರಿಸುತ್ತ ಬಂದಿದೆ. ಅರ್ಜಿ ಬೇಡ, ವಿಮಾನ ನಿಲ್ದಾಣದ ಸಾಲು ಬೇಡ. ಕಾರ್ಡಿನ ಚೀಟಿಯಲ್ಲೇ ಕಳೆದು ಬರುತ್ತದೆ. 1,200 ಪೆಸೊದಲ್ಲಿ ತೆರಿಗೆ 216. ಉಳಿದದ್ದು 984, ಅಂದರೆ 24.6 ಡಾಲರ್. ಇದಕ್ಕೆ ನಮ್ಮ ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕ ಸೇರುತ್ತದೆ: ಹೆಚ್ಚಿನ ಕಾರ್ಡುಗಳಲ್ಲಿ ಶೇ. 3.5, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು ಶೇ. 4.13. ಅದನ್ನು ಸೇರಿಸಿದರೂ 25.6 ಡಾಲರ್. ನೋಟು ಕೊಟ್ಟವನಿಗೂ ಕಾರ್ಡು ಕೊಟ್ಟವನಿಗೂ ಒಂದೇ ಊಟದಲ್ಲಿ ಸುಮಾರು ಎಂಟು ಡಾಲರ್ ಅಂತರ. ಡಾಲರಿಗೆ 85 ರೂಪಾಯಿ ಎಂದು ಹಿಡಿದರೂ ನಮ್ಮ ರೂಪಾಯಿಯಲ್ಲಿ ಆರುನೂರರ ಮೇಲಾಯಿತು. ಗಂಡ ಹೆಂಡತಿ ಇಬ್ಬರೇ ಹೋದರೂ ಇಮ್ಮಡಿ.

ಕಾರ್ಡು ಯಂತ್ರ ಮಾತ್ರ ಒಂದು ಪ್ರಶ್ನೆ ಕೇಳುವುದುಂಟು: ಸ್ಥಳೀಯ ಹಣದಲ್ಲಿ ಕಳೆಯಲೋ, ರೂಪಾಯಿಯಲ್ಲೋ? ರೂಪಾಯಿ ಎಂದು ಕಂಡೊಡನೆ ನಮ್ಮವರಿಗೆ ಧೈರ್ಯ ಬರುತ್ತದೆ, ಒತ್ತಿಬಿಡುತ್ತಾರೆ. ಒತ್ತಬೇಡಿ. ಅಲ್ಲಿ ತೋರುವ ರೂಪಾಯಿ ದರ ನಿಮ್ಮ ಬ್ಯಾಂಕಿನದಲ್ಲ, ಯಂತ್ರ ಇಟ್ಟವರದು. ಅವರ ಲಾಭ ಅದರೊಳಗೇ ಕೂತಿರುತ್ತದೆ. ಕೆಲವು ಬ್ಯಾಂಕುಗಳು ಅದರ ಮೇಲೂ ತಮ್ಮ ಶುಲ್ಕ ಹಾಕುತ್ತವೆ. ಊರು ಯಾವುದೋ ಆ ಊರಿನ ಹಣವನ್ನೇ ಒತ್ತಿ. ಹೊರಡುವ ಮೊದಲು ಕಾರ್ಡಿನ ವಿದೇಶಿ ಬಳಕೆಯನ್ನು ಬ್ಯಾಂಕಿನ ಆಪ್‌ನಲ್ಲಿ ತೆರೆದಿಡಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 2020ರಿಂದ ಹೊಸ ಕಾರ್ಡುಗಳಲ್ಲಿ ಅದು ಮುಚ್ಚಿಯೇ ಬರುತ್ತದೆ.

ನದಿಯ ಆಚೆ ಬ್ಯೂನಸ್ ಐರಿಸ್‌ನ ಕತೆ ಇದಕ್ಕಿಂತ ವಿಚಿತ್ರ. 2023ರ ನವೆಂಬರಿನಲ್ಲಿ ಸರ್ಕಾರಿ ದರ ಡಾಲರಿಗೆ ಸುಮಾರು 350 ಪೆಸೊ. ಫ್ಲೋರಿಡಾ ಬೀದಿಯಲ್ಲಿ "ಕಾಂಬಿಯೊ, ಕಾಂಬಿಯೊ" ಎಂದು ಕೂಗುತ್ತ ನಿಂತವರ ಬಳಿ 900ಕ್ಕೂ ಹೆಚ್ಚು. ಬ್ಯಾಂಕಿಗೆ ಹೋದ ಪ್ರಾಮಾಣಿಕನಿಗೆ ಕಾಫಿ ಎರಡೂವರೆ ಪಟ್ಟು ದುಬಾರಿ. ಡಿಸೆಂಬರಿನಲ್ಲಿ ಹೊಸ ಸರ್ಕಾರ ಬಂದು ದರವನ್ನು ಒಮ್ಮೆಲೇ 800ಕ್ಕೆ ಏರಿಸಿತು. 2025ರ ಏಪ್ರಿಲಿನಲ್ಲಿ ಜನಸಾಮಾನ್ಯರ ಮೇಲಿನ ವಿನಿಮಯ ನಿರ್ಬಂಧಗಳನ್ನೂ ಬಹುಮಟ್ಟಿಗೆ ತೆಗೆಯಿತು, ಅಂತರ ಕರಗಿತು. ಬೀದಿ ದರದ ಆಸೆಗೆ ಗಂಟುಗಟ್ಟಲೆ ನೋಟು ಹೊತ್ತು ಹೋಗುವ ಕಾಲ ಮುಗಿದಿದೆ. ಹಳೆಯ ಯೂಟ್ಯೂಬ್ ವಿಡಿಯೊ ನೋಡಿ ಹೊರಡಬೇಡಿ. ಅಲ್ಲಿ ನೂರರ ಹೊಸ, ಮಡಿಕೆ ಬೀಳದ ನೋಟಿಗೆ ಸಿಗುವ ಬೆಲೆ ಹಳೆಯ ಸಣ್ಣ ನೋಟಿಗೆ ಸಿಗುತ್ತಿರಲಿಲ್ಲ ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಿ.

ಯಾವ ಹಣ, ಯಾವ ದರ ಎಂದು ಬಿಡಿಸಿ ಕೇಳುವುದು ನಮ್ಮ ಕರಾವಳಿಗೆ ಹೊಸದಲ್ಲ. ನಮ್ಮ ಭಾಗದ ಹಳೆಯ ಶಾಸನಗಳಲ್ಲಿ ದಾನದ ಮೊತ್ತ ಹೇಳುವಾಗ ಬರಿಯ ಗದ್ಯಾಣ ಎನ್ನದೆ ಬಾರಕೂರ ಗದ್ಯಾಣ, ಮಂಗಳೂರ ಗದ್ಯಾಣ ಎಂದು ಬಿಡಿಸಿ ಬರೆದದ್ದಿದೆ. ಎರಡು ದಿನದ ನಡಿಗೆಯ ದೂರದಲ್ಲಿ ಎರಡು ನಾಣ್ಯ. ಬಾರಕೂರು ಇಂದು ಬ್ರಹ್ಮಾವರ ತಾಲ್ಲೂಕಿನ ಒಂದು ಊರು, ಅಂದು ಹಡಗು ಬರುವ ರಾಜಧಾನಿ. ಇಂದು ಕ್ರೂಸ್ ಹಡಗು ಪಣಂಬೂರಿಗೆ ಬಂದು ಸಂಜೆಯೊಳಗೆ ಹೊರಡುತ್ತದೆ; ಪ್ರವಾಸಿಗರು ಕುದ್ರೋಳಿ, ಮೂಡಬಿದಿರೆ, ಕಾರ್ಕಳ ನೋಡಿ ಹಿಂದಿರುಗುತ್ತಾರೆ, ಕುಂದಾಪುರದವರೆಗೆ ಬರಲು ಹೊತ್ತಿಲ್ಲ. ಅಲ್ಲಿ ಡಾಲರಿನಲ್ಲಿ ಬಾಡಿಗೆ ಹೇಳುವ ನಮ್ಮ ಟ್ಯಾಕ್ಸಿಯವರ ಲೆಕ್ಕವೂ ಮೊಂಟೆವಿಡಿಯೊದ ಹೋಟೆಲಿನವನ ಲೆಕ್ಕವೇ. ಬೈಯುವಂತಿಲ್ಲ.

ಹಡಗಿನ ಹುಡುಗರಲ್ಲಿ ಕೆಲವರು ಬಂದರಿನಲ್ಲಿ ಇಳಿಯುವುದೇ ಇಲ್ಲ, ಇಳಿದರೂ ನಾವಿಕರ ಕೇಂದ್ರದ ವೈಫೈ ಹಿಡಿದು ಕೂತು ಹಿಂದಿರುಗುತ್ತಾರೆ. ದುಡ್ಡು ಉಳಿಯಿತು ಎಂದು ಸಮಾಧಾನ. ನನಗಿದು ಒಪ್ಪಿಗೆಯಿಲ್ಲ. ಕೋಟದ ಹತ್ತಿರದ ಪಾರಂಪಳ್ಳಿಯಿಂದ ಬೆಂಗಳೂರಿಗೆ ಹೋಗಿ ಎಂಟಿಆರ್ ಬೆಳೆಸಿದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪು ಸುತ್ತಿ, ಅಲ್ಲಿನ ಹೋಟೆಲುಗಳ ಶುಚಿತ್ವ ಕಂಡು ಬಂದು ತಮ್ಮ ಅಡುಗೆಮನೆಯ ಶಿಸ್ತನ್ನೇ ಬದಲಿಸಿದರು. ಆ ಪ್ರವಾಸದ ಟಿಕೆಟ್ಟು ಖರ್ಚೋ ಹೂಡಿಕೆಯೋ ನೀವೇ ಹೇಳಿ. ಅಡುಗೆ ಕೆಲಸದ ಹುಡುಗ ಹದಿನೈದು ಡಾಲರ್ ಕೊಟ್ಟು ಸೌದೆ ಒಲೆಯ ಹೋಟೆಲು ಹೇಗೆ ನಡೆಯುತ್ತದೆಂದು ಒಂದು ಗಂಟೆ ನೋಡಿ ಬಂದರೆ, ಅದು ಉಳಿತಾಯ ಖಾತೆಯ ಬಡ್ಡಿಗಿಂತ ಹೆಚ್ಚು ಹುಟ್ಟಿಸಬಹುದು. ಕಡಿತ ಮಾಡಬೇಕಾದದ್ದು ಚಾಕಲೇಟು, ಸೆಂಟು, ಟೀಶರ್ಟುಗಳ ಸೂಟ್‌ಕೇಸನ್ನು.

ಪ್ರಯಾಣಿಕರಾಗಿ ಹೋಗುವ ಹಿರಿಯರಿಗೆ ಎರಡು ಮಾತು. ಬ್ರೆಜಿಲ್, ಅರ್ಜೆಂಟೀನಾ ಮುಟ್ಟಿ ಬರುವವರ ಬಳಿ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಇರಬೇಕು, ಹೊರಡುವ ಹತ್ತು ದಿನ ಮೊದಲೇ ಹಾಕಿಸಿ. ಇಲ್ಲದಿದ್ದರೆ ಹಿಂದಿರುಗಿದಾಗ ವಿಮಾನ ನಿಲ್ದಾಣದಲ್ಲೇ ಪ್ರತ್ಯೇಕವಾಸ. ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ ಏಜೆಂಟರು ವಸೂಲು ಮಾಡುವ ಟಿಸಿಎಸ್ ಖರ್ಚಲ್ಲ, ನಿಮ್ಮ ಪಾನ್ ಸಂಖ್ಯೆಯಲ್ಲಿ ಜಮೆಯಾಗುವ ಮುಂಗಡ ತೆರಿಗೆ. ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತಿರುತ್ತದೆ. ತೆರಿಗೆ ಇಲಾಖೆಯ 26ಎಎಸ್ ಪಟ್ಟಿ ತೆಗೆದು ನೋಡಿ, ರಿಟರ್ನ್ ಸಲ್ಲಿಸಿ, ವಾಪಸು ಪಡೆಯಿರಿ.

ದುಡಿಯಲು ಹೋಗುವವರಿಗೆ ಊಟದ ಬಿಲ್ಲಿಗಿಂತ ದೊಡ್ಡ ಲೆಕ್ಕ ಮನೆಯಲ್ಲಿದೆ. ಹಡಗಿನ ಸಂಬಳದ ಕಾರ್ಡಿನಿಂದ ಬಂದರು ಬಂದರಿನ ಎಟಿಎಂಗಳಲ್ಲಿ ಚೂರು ಚೂರು ತೆಗೆದರೆ ಪ್ರತಿ ಸಲವೂ ಶುಲ್ಕ. ಒಟ್ಟಿಗೆ ಅನಿವಾಸಿಗಳ ಎನ್ಆರ್‌ಇ ಖಾತೆಗೆ ಕಳಿಸಿ. ರೂಪಾಯಿ ಮಾಡುವ ಅವಸರ ಇಲ್ಲದವರಿಗೆ ಎಫ್‌ಸಿಎನ್‌ಆರ್ ಠೇವಣಿಯಲ್ಲಿ ಡಾಲರನ್ನು ಡಾಲರಾಗಿಯೇ ಒಂದರಿಂದ ಐದು ವರ್ಷ ಇಡಬಹುದು. ಅನಿವಾಸಿಯಾಗಿರುವಷ್ಟು ಕಾಲ ಎರಡರ ಬಡ್ಡಿಗೂ ತೆರಿಗೆಯಿಲ್ಲ. ರಜೆಯ ತಿಂಗಳುಗಳಲ್ಲಿ ಸಂಬಳ ಬರುವುದಿಲ್ಲವೆಂಬುದನ್ನು ಮರೆತು ಕಾರಿನ ಸಾಲ ಎಳೆಯುವವರು ಮನೆಯ ಅಬ್ಬಿಯ ಪಿಗ್ಮಿ ಪುಸ್ತಕವನ್ನು ಒಮ್ಮೆ ನೋಡಲಿ. 1928ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆಯಿಂದ ಶುರು ಮಾಡಿದ್ದೇ ಆದಾಯ ಒಂದೇ ಸಮನೆ ಬಾರದವರಿಗಾಗಿ.

ಅನಿವಾಸಿ ಎನಿಸಿಕೊಳ್ಳಲು ಏಪ್ರಿಲಿನಿಂದ ಮಾರ್ಚಿನವರೆಗಿನ ವರ್ಷದಲ್ಲಿ ಭಾರತದಲ್ಲಿದ್ದ ದಿನಗಳು 182ಕ್ಕಿಂತ ಕಡಿಮೆ ಇರಬೇಕು. ಹಾಗಿದ್ದರೆ ಹೊರದೇಶದ ಯಾನದ ಹಡಗಿನ ಸಂಬಳ ಎನ್ಆರ್‌ಇ ಖಾತೆಗೆ ಬಂತೆಂಬ ಒಂದೇ ಕಾರಣಕ್ಕೆ ಇಲ್ಲಿ ತೆರಿಗೆ ಬೀಳದೆಂದು ಕೇಂದ್ರ ನೇರ ತೆರಿಗೆ ಮಂಡಳಿ 2017ರ ಏಪ್ರಿಲಿನ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ದಕ್ಷಿಣ ಅಮೆರಿಕದ ಋತು ಸಿಕ್ಕಿಹಾಕಿಸುವುದು ಇಲ್ಲೇ. ಅಲ್ಲಿಯವರೆಗೆ ಊರಿನಲ್ಲೇ ಇದ್ದ ಹೊಸಬನೊಬ್ಬ ಅಕ್ಟೋಬರ್ 15ಕ್ಕೆ ಹತ್ತಿ ಏಪ್ರಿಲ್ ಕೊನೆಗೆ ಇಳಿದರೆ, ಮಾರ್ಚ್ 31ರವರೆಗೆ ಹೊರಗಿದ್ದದ್ದು 168 ದಿನ, ಊರಿನಲ್ಲಿದ್ದದ್ದು 197. ಆರೂವರೆ ತಿಂಗಳು ಸಮುದ್ರದಲ್ಲಿದ್ದೂ ಆ ವರ್ಷಕ್ಕೆ ಅವನು ನಿವಾಸಿ, ಡಾಲರ್ ಸಂಬಳವೂ ಲೆಕ್ಕಕ್ಕೆ ಸೇರುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗೆ ತೆರಿಗೆ ಬೀಳದ ಕಾರಣ ಅಡುಗೆಮನೆಯ ಹುಡುಗ ರಿಟರ್ನ್ ಸಲ್ಲಿಸಿ ಪಾರಾಗುತ್ತಾನೆ, ಎಂಜಿನ್ ರೂಮಿನ ಅಧಿಕಾರಿ ಪಾರಾಗುವುದಿಲ್ಲ. ಕೊರತೆ ಬಿದ್ದದ್ದು ಹದಿನಾರು ದಿನ. ಈ ಋತುವಿನ ಕಾಂಟ್ರಾಕ್ಟ್ ಕೈಗೆ ಬಂದವರು ಸಹಿ ಹಾಕುವ ಮೊದಲು ಕ್ಯಾಲೆಂಡರ್ ಹಿಡಿದು ದಿನ ಎಣಿಸಿ, ಸೇರುವ ತಾರೀಕನ್ನು ಸೆಪ್ಟೆಂಬರ್ ಕೊನೆಯ ವಾರಕ್ಕೆ ತರಲಾಗುತ್ತದೆಯೇ ಎಂದು ಏಜೆಂಟರನ್ನು ಕೇಳಿ.