ವೇಡರ್ ಉಡುಪನ್ನು ತೊಳೆದು ಕಾಪಾಡತಕ್ಕ ಕ್ರಮ

ಪಾಶ್ಚಾತ್ಯ ದೇಶಗಳ ತಣ್ಣನೆಯ ಹೊಳೆಗಳಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಗಾಳ ಹಾಕುವವರು, ಪಾದದಿಂದ ಎದೆಯವರೆಗೆ ಒಂದೇ ತುಂಡಾಗಿರುವ, ನೀರು ಹಿಡಿಯದ ಉಡುಪನ್ನು ತೊಡುವರು. ಇದಕ್ಕೆ ವೇಡರ್ ಎಂದು ಹೆಸರು. ನಮ್ಮಲ್ಲಿ ಮೀನಿನ ಕೊಳದಲ್ಲಿ ಬಲೆ ಎಳೆಯುವುದಕ್ಕೂ, ತೂಬಿನ ಬಳಿ ಕಳೆ ತೆಗೆಯುವುದಕ್ಕೂ ಇದು ಒದಗತಕ್ಕದ್ದೇ; ಇಲಿಜ್ವರದ ಕ್ರಿಮಿಯಿರುವ ನೀರು ಆಳುಗಳ ಕಾಲಿನ ಗಾಯಗಳಿಗೆ ತಗಲದಂತೆ ತಡೆಯುವುದು ಇನ್ನೊಂದು ಪ್ರಯೋಜನ. ಬೆಲೆ ಕೊಟ್ಟು ತರಿಸಿದ ಈ ಉಡುಪು ಬೇಗನೆ ಕೆಡುವುದು ಹೆಚ್ಚಾಗಿ ಆರೈಕೆಯ ತಪ್ಪಿನಿಂದಲೇ. ಆದ ಪ್ರಯುಕ್ತ ಗ್ರಾಮದ ಮುಖಂಡರೂ ಜಮೀನುದಾರರೂ ಈ ಕೆಳಗಣ ವಿಷಯಗಳನ್ನು ಗಮನಿಸಬೇಕಾಗಿ ಕೋರಿದೆ.

ಹಿಂದಿನ ರಬ್ಬರಿನ ಉಡುಪು ನೀರನ್ನು ತಡೆಯುತ್ತಿತ್ತು, ಬೆವರನ್ನೂ ಒಳಗೇ ಉಳಿಸುತ್ತಿತ್ತು. 1969ರಲ್ಲಿ ಅಮೆರಿಕದ ರಾಬರ್ಟ್ ಗೋರ್ ಎಂಬವರು ಟೆಫ್ಲಾನ್ ಜಾತಿಯ ವಸ್ತುವನ್ನು ಕಾಯಿಸಿ ಥಟ್ಟನೆ ಎಳೆದಾಗ ಅದು ಅತಿಸೂಕ್ಷ್ಮ ರಂಧ್ರಗಳುಳ್ಳ ತೆಳುಪೊರೆಯಾಯಿತು. ಈ ರಂಧ್ರಗಳಲ್ಲಿ ನೀರಿನ ಹನಿ ತೂರಲಾರದು. ಬೆವರಿನ ಆವಿ ಹೊರಕ್ಕೆ ಹೋಗಬಲ್ಲದು. ಎರಡು ಬಟ್ಟೆಗಳ ನಡುವೆ ಇಂತಹ ಪೊರೆಯನ್ನು ಅಂಟಿಸಿ ಮಾಡಿದುದೇ ಉಸಿರಾಡುವ ವೇಡರ್. ಹೊರಬಟ್ಟೆಗೆ ನೀರು ಜಾರಿಹೋಗುವಂತೆ ಒಂದು ಲೇಪವನ್ನೂ ಕೊಟ್ಟಿರುವರು.

ತೊಳೆದರೆ ಉಡುಪು ಕೆಡುವುದೆಂದು ನಂಬಿ ವರ್ಷಗಟ್ಟಲೆ ತೊಳೆಯದೆ ಇಡುವವರುಂಟು. ಇದು ಶುದ್ಧ ತಪ್ಪು. ಮೈಯ ಜಿಡ್ಡು ಒಳಗಿನಿಂದಲೂ ಕೆಸರು ಹೊರಗಿನಿಂದಲೂ ಸೇರಿ ಆವಿಯ ದಾರಿಯನ್ನು ಕಟ್ಟಿಬಿಡುವುವು. ಲೇಪ ಸವೆದ ಹೊರಬಟ್ಟೆ ನೀರನ್ನು ಹೀರಿ ತೋಯ್ದು ನಿಂತರೆ ಬೆವರು ಒಳಗೇ ಹನಿಗಟ್ಟುವುದು. ತೊಟ್ಟವನು ಉಡುಪು ಸೋರುತ್ತಿದೆಯೆಂದು ದೂರುವನು. ಒಂದೇ ಜಾಗದಲ್ಲಿ ಒದ್ದೆಯಾದರೆ ತೂತು. ಎಲ್ಲೆಲ್ಲೂ ಸಮನಾಗಿ ತೇವವಾದರೆ ಸಾಮಾನ್ಯವಾಗಿ ಬೆವರು. ಈ ಭೇದವನ್ನು ತಿಳಿಯದೆ ಒಳ್ಳೆಯ ಉಡುಪನ್ನು ಮೂಲೆಗೆ ಎಸೆಯಬಾರದು.

ತೊಳೆಯುವಾಗ ದೊಡ್ಡ ತೊಟ್ಟಿಯಲ್ಲಿ ಉಗುರುಬೆಚ್ಚಗಿನ ನೀರಿಗೆ ಸೌಮ್ಯವಾದ ದ್ರವ ಸಾಬೂನನ್ನು ಸ್ವಲ್ಪವೇ ಹಾಕಿ, ಒಳಹೊರಗನ್ನು ಕೈಯಿಂದ ಮೆಲ್ಲಗೆ ಉಜ್ಜತಕ್ಕದ್ದು. ಅಗಸರ ಕಲ್ಲಿಗೆ ಬಡಿಯಕೂಡದು, ಹಿಂಡಕೂಡದು. ಚಲುವೆಪುಡಿಯನ್ನೂ ಬಟ್ಟೆ ಮೃದುಮಾಡುವ ದ್ರಾವಣವನ್ನೂ ಹತ್ತಿರ ಸೇರಿಸಬಾರದು. ಎರಡನೆಯದು ಬಟ್ಟೆಯಲ್ಲಿ ಉಳಿದು ನೀರನ್ನು ಕರೆದುಕೊಳ್ಳುವುದು. ಸಾಬೂನು ಪೂರಾ ಹೋಗುವವರೆಗೆ ಎರಡು ಮೂರು ನೀರಿನಲ್ಲಿ ಜಾಲಿಸಿ ನೆರಳಿನಲ್ಲಿ ತೂಗುಹಾಕಿ, ಹೊರಭಾಗ ಒಣಗಿದ ಬಳಿಕ ಒಳಭಾಗವನ್ನು ತಿರುಗಿಸಿ ಒಣಗಿಸಬೇಕು. ಪಾದದ ಭಾಗ ನಿಯೋಪ್ರೀನ್ ರಬ್ಬರಾದ್ದರಿಂದ ಒಲೆಯ ಬಳಿ ಇಡಲಾಗದು. ತೊಳೆದ ಮೇಲೂ ಹನಿಗಳು ಜಾರದಿದ್ದರೆ ಅಂಗಡಿಯಲ್ಲಿ ಸಿಕ್ಕುವ ಜಲನಿವಾರಕ ಲೇಪವನ್ನು ಹೊರಮೈಗೆ ಮಾತ್ರ ಸಿಂಪಡಿಸಿದರೆ ಸರಿಹೋಗುವುದು.

ಮುಳ್ಳು ಚುಚ್ಚಿದ ಸಣ್ಣ ತೂತು ಕಣ್ಣಿಗೆ ಬೀಳದು. ಒಣಗಿದ ಉಡುಪಿನ ಒಳಮೈಯನ್ನು ಹೊರಕ್ಕೆ ತಿರುಗಿಸಿ ಐಸೊಪ್ರೊಪೈಲ್ ಆಲ್ಕೊಹಾಲನ್ನು ಸಿಂಪಡಿಸಿದರೆ ತೂತಿದ್ದಲ್ಲಿ ಕಪ್ಪು ಚುಕ್ಕೆ ಮೂಡುವುದು. ಅಲ್ಲಿ ಯೂರೆಥೇನ್ ಅಂಟನ್ನು ನಾಣ್ಯದಷ್ಟು ಅಗಲಕ್ಕೆ ತೆಳುವಾಗಿ ಸವರಿ ಒಂದು ರಾತ್ರಿ ಬಿಡಬೇಕು. ಆಲ್ಕೊಹಾಲು ಬೆಂಕಿಗೆ ಬೇಗ ಹತ್ತುವ ವಸ್ತು. ದೀಪದ ಬಳಿಯಾಗಲಿ ಬೀಡಿ ಸೇದುತ್ತಲಾಗಲಿ ಈ ಕೆಲಸ ಮಾಡತಕ್ಕದ್ದಲ್ಲ.

ಎಲ್ಲಕ್ಕಿಂತ ಹೆಚ್ಚಿನ ಹಾನಿ ಉಡುಪಿಗಲ್ಲ, ನೀರಿಗೆ ಆಗಬಹುದಾದದ್ದು. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಹೊಳೆಯಲ್ಲಿ 2004ರಲ್ಲಿ ಡಿಡಿಮೊ ಎಂಬ ಪರದೇಶದ ಪಾಚಿ ಕಂಡುಬಂದಿತು. ಅದರ ಒಂದೇ ಕಣವು ಒದ್ದೆ ಬೂಟಿನಲ್ಲಿ ಕುಳಿತು ಮತ್ತೊಂದು ಹೊಳೆಗೆ ಸೇರಬಲ್ಲದು. ಕಂಬಳಿಯಂತೆ ಒತ್ತಿ ಮಾಡಿದ ಫೆಲ್ಟ್ ಅಟ್ಟೆ ತೇವವನ್ನು ಬಹುಕಾಲ ಹಿಡಿದಿಡುವುದರಿಂದ, ಅಲ್ಲಿನವರು 2008ರಲ್ಲಿ ಅಂತಹ ಅಟ್ಟೆಯನ್ನೇ ನಿಷೇಧಿಸಿದರು. ಪರೀಕ್ಷಿಸು, ತೊಳೆ, ಒಣಗಿಸು ಎಂಬುದು ಅಲ್ಲಿನ ಸರ್ಕಾರದ ಸೂಚನೆ. ಮುಟ್ಟಿದರೆ ಒಣಗಿದಂತೆ ಕಂಡ ಮೇಲೂ ಇನ್ನು 48 ಗಂಟೆ ಬಿಡಬೇಕೆಂದು ಅದರಲ್ಲಿ ಹೇಳಿದೆ. ನಮ್ಮ ಕಟ್ಲ, ರೋಹುಗಳನ್ನು ಪೀಡಿಸುವ ಮೀನುಹೇನೂ ಮೀನಿನ ಮೈಬಿಟ್ಟು ಕೆಲವು ದಿನ ಬದುಕಬಲ್ಲದು. ಆದುದರಿಂದ ಬೆಳಿಗ್ಗೆ ಒಂದು ಕೊಳದಲ್ಲಿ ಇಳಿದ ಉಡುಪನ್ನೂ ಬಲೆಯನ್ನೂ ಒದ್ದೆಯಾಗಿಯೇ ಮಧ್ಯಾಹ್ನ ನೆರೆಯವರ ಕೊಳಕ್ಕೆ ಎರವಲು ಕೊಡುವ ರೂಢಿಯನ್ನು ಮುಖಂಡರು ತಡೆಯಬೇಕು. ದಾಕ್ಷಿಣ್ಯಕ್ಕೆ ಕೊಟ್ಟ ಉಡುಪು ಊರಿನ ಮೀನಿಗೆಲ್ಲಾ ರೋಗ ಹಂಚೀತು.

ಕೆಲಸವಿಲ್ಲದ ತಿಂಗಳುಗಳಲ್ಲಿ ಉಡುಪನ್ನು ಮಡಿಸಿ ಭಾರ ಹೇರಿ ಇಡದೆ, ಬಿಸಿಲು ಬೀಳದ ಕೋಣೆಯಲ್ಲಿ ಪಾದದ ಕಡೆಯಿಂದ ತೂಗುಹಾಕುವುದು ಉತ್ತಮ. ಜಾಗವಿಲ್ಲದಿದ್ದರೆ ಸಡಿಲವಾಗಿ ಸುತ್ತಿಡಬಹುದು. ತೌಡು, ಹಿಂಡಿಗಳ ಕೋಣೆಯಲ್ಲಿ ಮಾತ್ರ ಬೇಡ. ಇಲಿ ಕಡಿದ ತೂತಿಗೆ ನಾಣ್ಯದಗಲದ ಅಂಟು ಸಾಲದು.